ಜನಾಜಾ ನಮಾಜ್ ನಿರಾಕರಿಸಿದ ಇಮಾಮರು

ಮಾನ್ಯ ಸಂಪಾದಕರೇ,

ಯುರೋಪಿನಲ್ಲಿ ಉಗ್ರರ ದಾಳಿ ನಡೆದಾಗಲೆಲ್ಲ ಅಲ್ಲಿನ ಮುಸ್ಲಿಮರು ಏಕೆ ಬಾಯಿ ಬಿಡುವುದಿಲ್ಲ ಎಂಬ ಪ್ರಶ್ನೆ ನಮ್ಮ ನಾಪೋಕ್ಲು ಪೇಟೆಯಲ್ಲೂ ಕೇಳಿಬರುತ್ತದೆ. 2017ರ ಜೂನ್‌ನಲ್ಲಿ ಲಂಡನ್ ಸೇತುವೆಯ ಬಳಿ ಎಂಟು ಜನರನ್ನು ಕೊಂದವರಿಗೆ ಜನಾಜಾ ನಮಾಜ್ ಮಾಡಿಸುವುದಿಲ್ಲವೆಂದು ಬ್ರಿಟನ್ನಿನ 130ಕ್ಕೂ ಹೆಚ್ಚು ಇಮಾಮರು ಮತ್ತು ಧಾರ್ಮಿಕ ಮುಖಂಡರು ಬಹಿರಂಗವಾಗಿ ಘೋಷಿಸಿದ್ದರು. ಸತ್ತವನಿಗೆ ಸಲ್ಲಬೇಕಾದ ಕೊನೆಯ ಪ್ರಾರ್ಥನೆಯನ್ನೇ ನಿರಾಕರಿಸುವುದು ಎಷ್ಟು ಕಠಿಣ ನಿರ್ಧಾರವೆಂಬುದು ಮಯ್ಯತ್ತಿಗೆ (ಶವಕ್ಕೆ) ಹೆಗಲು ಕೊಟ್ಟ ನನ್ನಂಥವರಿಗೆ ಗೊತ್ತು. 2015ರಲ್ಲಿ ಕೋಪನ್‌ಹೇಗನ್‌ನ ಯಹೂದಿ ಮಂದಿರದ ಕಾವಲಿಗಿದ್ದವನ ಹತ್ಯೆಯಾದ ಒಂದು ವಾರದೊಳಗೆ ಓಸ್ಲೊದ ಮುಸ್ಲಿಂ ಯುವಜನರು ತಮ್ಮೂರಿನ ಯಹೂದಿ ಮಂದಿರದ ಮುಂದೆ, ಕೊರೆಯುವ ಚಳಿಯಲ್ಲಿ, ಕೈ ಕೈ ಹಿಡಿದು ನಿಂತಿದ್ದರು.

ಆದರೆ ಹೇಳಿಕೆಗಳಷ್ಟೇ ಸಾಲವು. ಮನೆಯ ಹುಡುಗ ರಾತ್ರಿಯಿಡೀ ಮೊಬೈಲಿನಲ್ಲಿ ಯಾರ ಭಾಷಣ ಕೇಳುತ್ತಿದ್ದಾನೆ ಎಂಬುದನ್ನು ಗಮನಿಸುವುದು, ಅನುಮಾನ ಬಂದರೆ ಮಾನಕ್ಕೆ ಅಂಜದೆ ಪೊಲೀಸರಿಗೆ ತಿಳಿಸುವುದು ಅಲ್ಲಿನ ಜಮಾಅತ್‌ಗಳ (ಮಸೀದಿಯ ಸಮುದಾಯಗಳ) ಕರ್ತವ್ಯ. ಇಂಥ ಕೆಲಸ ಕಷ್ಟದ್ದಾದರೂ ಹೊರಗಿನವರು ಅದನ್ನು ಮಾಡಲಾರರು. ಹಾಗೆಂದು ಪ್ರತಿಯೊಬ್ಬ ಮುಸ್ಲಿಮನೂ ಕೊಲೆಗಾರನ ಪರವಾಗಿ ಕ್ಷಮೆ ಕೇಳಬೇಕೆಂಬ ಒತ್ತಾಯವನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಆ ದಿನಗಳಲ್ಲಿ ಬಸ್ಸು ಹತ್ತಿದರೆ, ಯಾರೂ ಅನುಮಾನ ಪಡದಿರಲೆಂದು ಬ್ಯಾಗಿನ ಬಾಯಿ ತೆರೆದು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದನಂತೆ.

ನಮ್ಮ ಕೊಡಗಿನ ಎಮ್ಮೆಮಾಡು ದರ್ಗಾದ ಉರೂಸಿಗೆ ನೆರೆಯ ಹಿಂದೂಗಳೂ ಹರಕೆ ಹೊತ್ತು ಬರುವುದನ್ನು ಕಂಡು ಬೆಳೆದವನು ನಾನು. ದಾಳಿಯ ಸುದ್ದಿ ಅಚ್ಚಾಗುವ ಮುಖಪುಟದಲ್ಲೇ ಇಮಾಮರ ನಿರಾಕರಣೆಯಂಥ ಸುದ್ದಿಗೂ ತಾವು ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

– ಓದುಗ, ನಾಪೋಕ್ಲು, ಕೊಡಗು