ಹೂವಿನ ಬೀಜದ ಪೊಟ್ಟಣದಲ್ಲಿ ಕನ್ನಡವೂ ಇರಲಿ

ಮಾನ್ಯ ಸಂಪಾದಕರೇ,

ಜೂನ್‌ನಲ್ಲಿ ಅಂಗಳದಲ್ಲಿ ಬಿತ್ತಿದ ಚೆಂಡುಹೂವಿನ ಬೀಜ ಒಂದೂ ಮೊಳೆಯಲಿಲ್ಲ. ಪೊಟ್ಟಣದಲ್ಲಿ ಕನ್ನಡದ ಒಂದಕ್ಷರ ಇಲ್ಲ, ತಾರೀಕೂ ಅಳಿಸಿಹೋಗಿತ್ತು. ನಮ್ಮ ಕಾಸರಗೋಡಿನ ಮಳೆಗೆ ಬೀಜ ಕೊಳೆಯದೆ ಇರುತ್ತದಾ? ಸೆಪ್ಟೆಂಬರ್ ಕೊನೆಗೆ ಮಳೆ ಕಡಿಮೆಯಾದ ಮೇಲೆ ಹೊಸ ಬೀಜ ತಂದು, ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಜಗಲಿಯಲ್ಲಿಟ್ಟು, ಬೀಜದ ಮೇಲೆ ತೆಳುವಾಗಿ ಮಣ್ಣು ಉದುರಿಸಿದೆ. ವಾರದೊಳಗೆ ಮೊಳಕೆ ಬಂತು! ನಾಲ್ಕೈದು ಎಲೆ ಬಂದಾಗ ಬಿಸಿಲಲ್ಲಿ ನೆಟ್ಟು, ಆಮೇಲೆ ತುದಿ ಚಿವುಟಿದರೆ ಕವಲು ಜಾಸ್ತಿ, ಹೂವೂ ಜಾಸ್ತಿ. ಬಿತ್ತಿ ಸುಮಾರು 2 ತಿಂಗಳಿಗೆ ಹೂ. ಗೌರಿಹೂವಿಗೆ ಇಷ್ಟು ಕಷ್ಟವಿಲ್ಲ, ಕಾಯಿ ಸಿಡಿಯುವ ಮೊದಲು ಬೀಜ ತೆಗೆದಿಟ್ಟರೆ ಸಾಕು. ಕರಾವಳಿಗೆ ಹೊಂದುವ ಬಿತ್ತನೆಯ ತಿಂಗಳುಗಳನ್ನು ನಿಮ್ಮ ಪತ್ರಿಕೆಯಲ್ಲಾದರೂ ಹಾಕಬಹುದಲ್ವಾ?

ಓದುಗರೊಬ್ಬರು, ಕುಂಬಳೆ