ಖಾಲಿ ಜಾಗಕ್ಕೆ ಆರು ಪಾಯಿಂಟ್

ಸನಿವೇಲ್, ಕ್ಯಾಲಿಫೋರ್ನಿಯಾ
ಅಕ್ಟೋಬರ್ 2024

ಪ್ರೀತಿಯ ಪೈಲ್ವಾನನಿಗೆ,

ದಸರಾ ಕುಸ್ತಿಯ ವಿಡಿಯೊ ಬಂತು ಕಣೋ. ದೊಡ್ಡಕೆರೆ ಮೈದಾನದ ಆ ಜನ, ಆ ತಮಟೆ, ಮೈಗೆಲ್ಲ ಮೆತ್ತಿದ ಕೆಮ್ಮಣ್ಣು. ಆಫೀಸಿನ ಮೀಟಿಂಗ್ ನಡೆಯುತ್ತಿರುವಾಗಲೇ ಸೌಂಡ್ ಆಫ್ ಮಾಡಿ ಮೂರು ಸಲ ನೋಡಿದೆ. ನಿನ್ನ ಹುಡುಗ ಗೆದ್ದಿದ್ದೇನೋ ಸರಿ. ಆದರೆ ಗೆದ್ದ ಮೇಲೆ ಬಿದ್ದವನ ಕೈ ಹಿಡಿದು ಎಬ್ಬಿಸದೆ ನೇರ ನಿನ್ನ ಕಡೆ ಓಡಿ ಬಂದ. ಅದಕ್ಕೆ ಸರಿಯಾಗಿ ಬೈದಿರುತ್ತೀಯ, ಬಿಡು.

ಕೊನೆಯಲ್ಲಿ ಕೇಳಿದ್ದೀಯಲ್ಲ, "ನಿಮ್ಮ ಸ್ಟ್ಯಾನ್‌ಫರ್ಡ್ ಕುಸ್ತಿ ಟೀಮ್ ಎದ್ದೇಳುತ್ತಾ, ಇಲ್ಲ ನಮ್ಮ ಕಾಲೇಜಿನ ಕಥೇನೇನಾ" ಅಂತ. ವಾಟ್ಸಾಪ್‌ನಲ್ಲೇ ಬರೆಯೋಣ ಅಂತ ಶುರು ಮಾಡಿದೆ. ಅದು ಮುಗಿಯುವ ಮಾತಲ್ಲ ಅಂತ ಗೊತ್ತಾಗಿ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, "ನಿಮ್ಮ" ಅನ್ನುವುದಕ್ಕೆ ನಾನೇನೂ ಅಲ್ಲಿ ಓದಿದವನಲ್ಲ. ಅಲ್ಲಿನ ಫೀಸು ಕೇಳಿದ್ದರೆ ನಮ್ಮಪ್ಪ ಕೂತಲ್ಲೇ ಕುಸಿಯುತ್ತಿದ್ದರು. ಕಾರಿನಲ್ಲಿ ಹೋದರೆ ಮನೆಗೆ ಹತ್ತಿರ, ಅಷ್ಟೇ ಸಂಬಂಧ. 2019ರ ಚಳಿಗಾಲದಲ್ಲಿ ಆಫೀಸಿನ ಗೆಳೆಯನೊಬ್ಬ ಅಲ್ಲಿನ ಕುಸ್ತಿ ನಡೆಯುವ ಬರ್ನಮ್ ಪೆವಿಲಿಯನ್‌ಗೆ ಕರೆದುಕೊಂಡು ಹೋದ. ಸ್ಟ್ಯಾನ್‌ಫರ್ಡ್ ಅಂದರೆ ದೊಡ್ಡ ಸ್ಟೇಡಿಯಂ ಇರುತ್ತೆ ಅಂದುಕೊಂಡಿದ್ದೆ. ನಮ್ಮ ಊರಿನ ಕಲ್ಯಾಣ ಮಂಟಪಕ್ಕಿಂತ ಸ್ವಲ್ಪ ದೊಡ್ಡದು. ಮೂರನೇ ಸಾಲಿನಲ್ಲಿ ಕೂತರೆ ಪೈಲ್ವಾನರ ಉಸಿರು ಕೇಳಿಸುತ್ತದೆ. ಇಪ್ಪತ್ತು ವರ್ಷ ಆದ ಮೇಲೆ ಆ ಸದ್ದು ಕೇಳಿದ್ದು. ಅಲ್ಲಿಂದ ಬಿಟ್ಟಿಲ್ಲ. ನಾನು ಕಾಲಿಟ್ಟ ವರ್ಷವೇ ಟೀಮು ಮೊದಲ ಸಲ ಪಶ್ಚಿಮದ ಕಾಲೇಜುಗಳ ಲೀಗ್ ಆದ ಪ್ಯಾಕ್-12ರ ಚಾಂಪಿಯನ್ ಆಯಿತು. ನನ್ನ ಕಾಲ್ಗುಣ ಅಂತ ಈಗಲೂ ಹೇಳಿಕೊಂಡು ತಿರುಗುತ್ತೇನೆ.

ಕಾಲ್ಗುಣದ ಇನ್ನೊಂದು ಮುಖವನ್ನೂ ಬೇಗ ನೋಡಿದೆ. ಮುಂದಿನ ವರ್ಷ ಶೇನ್ ಗ್ರಿಫಿತ್ ಅನ್ನುವ ನ್ಯೂಜೆರ್ಸಿ ಹುಡುಗ 165 ಪೌಂಡ್ ವಿಭಾಗದಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ 75 ಕೆ.ಜಿ.ಯಲ್ಲಿ, ಒಂದೂ ಸೋಲದೆ ರಾಷ್ಟ್ರೀಯ ಟೂರ್ನಿಗೆ ಹೊರಟಿದ್ದ. 2020ರ ಮಾರ್ಚ್. ಕೊರೋನಾ ಬಂದು ಟೂರ್ನಿಯೇ ರದ್ದಾಯಿತು. ಜುಲೈ 8ಕ್ಕೆ ವಿಶ್ವವಿದ್ಯಾಲಯ 36 ಆಟಗಳಲ್ಲಿ 11ನ್ನು ನಿಲ್ಲಿಸುತ್ತೇವೆ ಅಂದಿತು. ದುಡ್ಡು ಸಾಲುವುದಿಲ್ಲವಂತೆ. ಆ ಹನ್ನೊಂದರಲ್ಲಿ ಕುಸ್ತಿಯೂ ಇತ್ತು. ಇನ್ನೊಂದು ಸೀಸನ್ ಆಡಿ, ಆಮೇಲೆ ಬೀಗ.

ನಮ್ಮ ಕಾಲೇಜಿನಲ್ಲಿ ಅಷ್ಟು ಮರ್ಯಾದೆಯಾಗಿ ಯಾರೂ ಹೇಳಲೂ ಇಲ್ಲ ಅಲ್ವಾ? ಪಿ.ಟಿ. ಮೇಷ್ಟ್ರು ರಿಟೈರ್ ಆದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮ್ಯಾಟ್ ಸುತ್ತಿ ಸ್ಟೋರ್ ರೂಮಿಗೆ ಹಾಕಿದರು. ಒಂದು ದಿನ ನೀನು ಕೀ ಇಸಕೊಂಡು ಹೋಗಿ ನೋಡಿದರೆ ಇಲಿ ಮರಿ ಹಾಕಿತ್ತು. ಯಾವ ದಿನ ನಿಂತಿತು ಅಂತ ಕೇಳಿದರೆ ಇವತ್ತಿಗೂ ನಾವಿಬ್ಬರೂ ಹೇಳಲಾರೆವು.

ಇಲ್ಲಿ ಹಾಗಾಗಲಿಲ್ಲ. ಹಳೆಯ ಪೈಲ್ವಾನರು, ಅಪ್ಪ ಅಮ್ಮಂದಿರು, ನನ್ನಂಥ ಹೊರಗಿನವರು ಎಲ್ಲ ಸೇರಿ ಗಲಾಟೆ ಎಬ್ಬಿಸಿದರು. ಕೋಟಿಗೂ ಮೀರಿ ಡಾಲರ್ ಕೊಡುತ್ತೇವೆ ಅಂತ ಮಾತು ಕೊಟ್ಟವರು ಸಿಕ್ಕರು. ನಾನು ಕೊಟ್ಟಿದ್ದು ಹೇಳಿಕೊಳ್ಳುವಂಥದ್ದಲ್ಲ. ಆದರೆ ಕಂಪ್ಯೂಟರ್ ಮುಂದೆ ಕೂತು ಆ ಬಟನ್ ಒತ್ತುವಾಗ ನಮ್ಮ ಉಸ್ತಾದರು ಹೇಳುತ್ತಿದ್ದ ಖಾಶಾಬಾ ಜಾಧವ್ ಕಥೆ ನೆನಪಾಯಿತು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಹುಡುಗ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ದುಡ್ಡಿಲ್ಲ. ಅವನು ಓದಿದ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ಅವನು ಕಂಚು ತಂದ. ಪ್ರಿನ್ಸಿಪಾಲರ ಮನೆಯಾಕೆ ಇದಕ್ಕೆ ಏನಂದಿರಬಹುದು ಅಂತ ನೀನು ಕೇಳಿ ಉಸ್ತಾದರಿಂದ ಇಪ್ಪತ್ತು ಬಸ್ಕಿ ಜಾಸ್ತಿ ಹೊಡೆಸಿಕೊಂಡಿದ್ದೆ.

ಇನ್ನು ಗ್ರಿಫಿತ್. ಈ ಭಾಗ ನಿನಗೆ ಫೋನಿನಲ್ಲಿ ಹೇಳಿದ್ದೇನೆ, ಆದರೂ ಇನ್ನೊಂದು ಸಲ ಕೇಳು. ಆ ಕೊನೆಯ ಸೀಸನ್‌ನಲ್ಲಿ ನಮ್ಮ ಕೌಂಟಿ ಮೈಗೆ ಮೈ ತಾಗುವ ಆಟಗಳನ್ನೆಲ್ಲ ನಿಷೇಧಿಸಿತ್ತು. ಸ್ವಂತ ಗರಡಿಯಲ್ಲಿ ತಾಲೀಮು ಮಾಡುವ ಹಾಗಿಲ್ಲ. ಮಾರ್ಚ್ 2021, ಸೇಂಟ್ ಲೂಯಿಸ್. ಹುಡುಗ ಎಂಟನೇ ಸೀಡ್, ಅಂದರೆ ಅವನಿಗಿಂತ ಏಳು ಜನ ಮುಂದಿದ್ದಾರೆ ಅಂತ ಟೂರ್ನಿಯವರ ಲೆಕ್ಕ. ಹಾಕಿಕೊಂಡಿದ್ದು ಬರೀ ಕಪ್ಪು ಸಿಂಗ್ಲೆಟ್, ಇಲ್ಲಿನ ಕುಸ್ತಿಯ ಉಡುಪು. ಅದರ ಮೇಲೆ ಕಾಲೇಜಿನ ಹೆಸರಿಲ್ಲ, ಗುರುತಿಲ್ಲ. ನಮ್ಮನ್ನು ಬೇಡ ಅಂದವರ ಹೆಸರು ನಾವ್ಯಾಕೆ ಹೊರಬೇಕು ಅನ್ನುವ ಹಾಗೆ. ಫೈನಲ್‌ನಲ್ಲಿ ಪಿಟ್ಸ್‌ಬರ್ಗ್‌ನ ಜೇಕ್ ವೆಂಟ್ಜೆಲ್‌ನನ್ನು 6-2ರಲ್ಲಿ ಸೋಲಿಸಿದ. 2004ರಲ್ಲಿ ಮ್ಯಾಟ್ ಜೆಂಟ್ರಿ ಗೆದ್ದಿದ್ದು ಬಿಟ್ಟರೆ ಸ್ಟ್ಯಾನ್‌ಫರ್ಡ್‌ಗೆ ಇದೇ ಎರಡನೇ ರಾಷ್ಟ್ರೀಯ ಚಾಂಪಿಯನ್. ಜನ "ಸ್ಟ್ಯಾನ್‌ಫರ್ಡ್ ಕುಸ್ತಿ ಉಳಿಸಿ" ಅಂತ ಕೂಗಿದರು. ಬೇರೆ ಕಾಲೇಜಿನವರೂ ಕೂಗಿದರು ಕಣೋ. ನಾನು ಸೋಫಾ ಮೇಲೆ ನಿಂತುಕೊಂಡಿದ್ದೆ. ನನ್ನ ಮಗಳು ಅಪ್ಪನಿಗೆ ಏನೋ ಆಗಿದೆ ಅಂತ ಅಮ್ಮನನ್ನು ಕರೆಯಲು ಓಡಿದಳು.

ಮೇ ತಿಂಗಳಲ್ಲಿ ಹನ್ನೊಂದೂ ಆಟಗಳನ್ನು ಉಳಿಸಿಕೊಳ್ಳುತ್ತೇವೆ ಅಂದರು.

ಸಿನಿಮಾ ಆಗಿದ್ದರೆ ಅಲ್ಲಿಗೆ ಶುಭಂ. ನನ್ನ ಚಿಂತೆ ಶುರುವಾಗಿದ್ದೇ ಅಲ್ಲಿಂದ. ಹತ್ತು ತಿಂಗಳು "ಮುಚ್ಚುತ್ತೇವೆ" ಅಂತ ಬೋರ್ಡು ಹಾಕಿಕೊಂಡು ಕೂತ ಗರಡಿಗೆ ಯಾವ ಹೈಸ್ಕೂಲ್ ಹುಡುಗ ಸೇರುತ್ತಾನೆ? ಕೋಚ್ ಜೇಸನ್ ಬೊರೆಲ್ಲಿ ಬೇರೆ ಕಡೆ ಹೋದರು. ಕಾರ್ನೆಲ್‌ನಲ್ಲಿ 28 ವರ್ಷ ಮುಖ್ಯ ಕೋಚ್ ಆಗಿದ್ದ ರಾಬ್ ಕಾಲ್ ಬಂದರು, ನಾವೆಲ್ಲ ಕುಣಿದಾಡಿದೆವು. 2023ರಲ್ಲಿ ಅವರನ್ನು ಅವರ ಹಳೆಯ ಕಾಲೇಜು ನಾರ್ತ್ ಕ್ಯಾರೊಲಿನಾ ಕರೆಯಿತು. ತಾನು ಚಾಂಪಿಯನ್ ಆದ ಜಾಗ ಕರೆದರೆ ಯಾರು ತಾನೇ ಬಿಡುತ್ತಾರೆ? ಗ್ರಿಫಿತ್ 2022ರಲ್ಲಿ ಮತ್ತೆ ಫೈನಲ್ ತಲುಪಿ ಮಿಸೌರಿಯ ಕೀಗನ್ ಒಟೂಲ್‌ಗೆ ಸೋತ. ಕೊನೆಯ ವರ್ಷಕ್ಕೆ ಮಿಷಿಗನ್‌ಗೆ ಹೋದ. ಟೋಕಿಯೊಗೆ ಮುಂಚೆ ನಮ್ಮ ಬಜರಂಗ್ ಪೂನಿಯಾ ಹೋಗಿ ತಾಲೀಮು ಮಾಡಿದ್ದೂ ಅದೇ ಮಿಷಿಗನ್‌ನಲ್ಲಿ. ದಿನಾ ಹಿಡಿಯಲು ಗಟ್ಟಿ ಜೋಡಿ ಸಿಗುತ್ತಾರೆ ಅಂತ ತಾನೇ ಅಷ್ಟು ದೂರ ಹೋಗುವುದು?

ಈ ಜೋಡಿಯ ವಿಷಯಕ್ಕೇ ಬರುತ್ತಿದ್ದೆ. ಇಲ್ಲಿನ ಕಾಲೇಜು ಕುಸ್ತಿಯಲ್ಲಿ ಎರಡು ಟೀಮು ಎದುರುಬದುರು ನಿಂತರೆ ಹತ್ತು ತೂಕ, ಹತ್ತು ಜೋಡಿ. 125 ಪೌಂಡಿನಿಂದ 285ರವರೆಗೆ. ಸಾಧಾರಣವಾಗಿ ಗೆದ್ದರೆ ಟೀಮಿಗೆ ಮೂರು ಪಾಯಿಂಟ್. ಎಂಟು ಪಾಯಿಂಟ್ ಅಂತರದಲ್ಲಿ ಗೆದ್ದರೆ ನಾಲ್ಕು, ಹದಿನೈದಾದರೆ ಐದು. ಚಿತ್ ಮಾಡಿದರೆ ಆರು. ಎರಡೂ ಭುಜ ಒಂದು ಸೆಕೆಂಡ್ ಮ್ಯಾಟಿಗೆ ತಾಗಿದರೆ ಸಾಕು. ಈಗ ಕೇಳು. ಒಂದು ತೂಕಕ್ಕೆ ನಿನ್ನ ಕಡೆ ಆಳೇ ಇಲ್ಲ ಅನ್ನು. ಎದುರಿನ ಹುಡುಗ ಬರುತ್ತಾನೆ, ಮ್ಯಾಟ್ ಮಧ್ಯೆ ನಿಲ್ಲುತ್ತಾನೆ, ರೆಫರಿ ಅವನ ಕೈ ಎತ್ತುತ್ತಾನೆ. ಬೆವರೇ ಬರದೆ ಅವರಿಗೆ ಆರು ಪಾಯಿಂಟ್. ಅಂದರೆ ನಿನ್ನ ಕಡೆಯ ಇಬ್ಬರು ಗಾಯ ಮಾಡಿಕೊಂಡು, ಏಳೇಳು ನಿಮಿಷ ಒದ್ದಾಡಿ ಎರಡು ಕುಸ್ತಿ ಗೆದ್ದರೂ ಅದು ಆ ಒಂದು ಖಾಲಿ ಜಾಗಕ್ಕೆ ವಜಾ.

ನನಗೆ ಈ ಲೆಕ್ಕ ಯಾಕೆ ಇಷ್ಟ ಅಂತ ನಿನಗೆ ಗೊತ್ತು. ಇಂಟರ್ ಕಾಲೇಜ್ ಕುಸ್ತಿಗೆ ಕಡಿಮೆ ತೂಕದಲ್ಲಿ ಯಾರೂ ಇಲ್ಲ ಅಂತ ನಿನ್ನ ಟವಲ್ಲು, ನೀರಿನ ಬಾಟಲಿ ಹೊರುತ್ತಿದ್ದ ನನ್ನ ಹೆಸರನ್ನೇ ಬರೆಸಿದ್ದೆ. ನಲವತ್ತು ಸೆಕೆಂಡ್ ಆಗಿತ್ತೋ ಇಲ್ಲವೋ. ಆಕಾಶ ಕಂಡಿದ್ದು ನೆನಪಿದೆ. ಎದ್ದು ಬಂದಾಗ ಮೇಷ್ಟ್ರು, "ಪಟ್ಟಿ ತುಂಬಿಸಿದೆಯಲ್ಲೋ, ಸಾಕು" ಅಂದರು. ಅದಕ್ಕಿಂತ ದೊಡ್ಡ ಬಹುಮಾನ ನನ್ನ ಆಟದ ಬದುಕಿನಲ್ಲಿ ಬಂದಿಲ್ಲ.

ಈಗಿನ ಕೋಚ್ ಕ್ರಿಸ್ ಏರ್ಸ್ ಮೇಲೆ ನನಗೆ ಭರವಸೆ ಇರುವುದೂ ಇದೇ ಕಾರಣಕ್ಕೆ. 2023ರಲ್ಲಿ ಪ್ರಿನ್ಸ್‌ಟನ್‌ನಿಂದ ಬಂದವರು. ಅಲ್ಲಿ ಅವರು 2006ರಲ್ಲಿ ಶುರು ಮಾಡಿದಾಗ ಮೊದಲ ಎರಡು ವರ್ಷದ ಲೆಕ್ಕ ಎಷ್ಟು ಗೊತ್ತಾ? ಗೆಲುವು 0, ಸೋಲು 35. ನಮ್ಮ ಕಡೆ ಆಗಿದ್ದರೆ ಐದನೇ ಸೋಲಿಗೇ ಊರಿಗೆ ಕಳಿಸುತ್ತಿದ್ದರು. ಅವರು ಕೂತರು. ಹದಿನಾಲ್ಕು ವರ್ಷ ಆದ ಮೇಲೆ, 2020ರಲ್ಲಿ, ಹದಿನೇಳು ವರ್ಷದಿಂದ ಪೂರ್ವದ ಹಳೆಯ ಕಾಲೇಜುಗಳ ಐವಿ ಲೀಗ್ ಕಿರೀಟ ಬಿಟ್ಟುಕೊಡದ ಕಾರ್ನೆಲ್ಲನ್ನು ಕೆಡವಿದರು. ಆಗ ಕಾರ್ನೆಲ್ ಕೋಚ್ ಯಾರು? ಅದೇ ರಾಬ್ ಕಾಲ್! ಆ ಪ್ರಿನ್ಸ್‌ಟನ್ ಕೂಡ 1993ರಲ್ಲಿ ಕುಸ್ತಿ ನಿಲ್ಲಿಸಲು ಹೊರಟಿತ್ತು, ಹಳೆಯ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಉಳಿಸಿಕೊಂಡಿದ್ದರು. ಮುಚ್ಚಲು ಹೊರಟ ಗರಡಿಯ ವಾಸನೆ ಈ ಮನುಷ್ಯನಿಗೆ ಚೆನ್ನಾಗಿ ಗೊತ್ತು.

ಹೊಸ ತಲೆನೋವೂ ಇದೆ. ಪ್ಯಾಕ್-12 ಒಡೆದು ಚೂರಾಯಿತು. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ ಈ ಆಗಸ್ಟ್‌ನಿಂದ ಪೂರ್ವ ದಡದ ಲೀಗ್ ಆದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ! ಭೂಗೋಳದ ಮೇಷ್ಟ್ರು ಯಾರೂ ಇರಲಿಲ್ಲವೇನೋ ಆ ಮೀಟಿಂಗ್‌ನಲ್ಲಿ. ವರ್ಜೀನಿಯಾ ಟೆಕ್, ಎನ್.ಸಿ. ಸ್ಟೇಟ್, ಪಿಟ್ಸ್‌ಬರ್ಗ್ ಎಲ್ಲ ಗಟ್ಟಿ ಕುಳಗಳು. ನಾರ್ತ್ ಕ್ಯಾರೊಲಿನಾ ಕೂಡ ಅಲ್ಲೇ ಇದೆ. ಹಳೆಯ ಕೋಚ್ ಆ ಕಡೆ ಕುರ್ಚಿಯಲ್ಲಿ, ಏರ್ಸ್ ಈ ಕಡೆ. ಆ ಒಂದು ಕುಸ್ತಿಗೆ ಟಿಕೆಟ್ ದುಡ್ಡು ಎಷ್ಟಾದರೂ ಸರಿ. ಆದರೆ ತೂಕ ಇಳಿಸಿಕೊಂಡ ಹುಡುಗರು ಹೊಟ್ಟೆ ಖಾಲಿ ಇಟ್ಟುಕೊಂಡು ಐದೈದು ಗಂಟೆ ವಿಮಾನದಲ್ಲಿ ಕೂತು ಹೋಗಬೇಕಲ್ಲ, ಅದು ನೆನೆದರೆ ಪಾಪ ಅನಿಸುತ್ತದೆ.

ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಇಲ್ಲಿಯವರೆಗೆ ಒಂದು ಕುಸ್ತಿ ಟೀಮಿಗೆ 9.9 ಸ್ಕಾಲರ್‌ಶಿಪ್ ಮಾತ್ರ ಕೊಡಬಹುದಿತ್ತು. ಒಂಬತ್ತು ಸರಿ, ಆ ಮುಕ್ಕಾಲು ಮೀರಿದ ಪೈಲ್ವಾನ ಯಾರು ಅಂತ ನಾವು ನಗುತ್ತಿದ್ದೆವು. ಅದನ್ನೇ ಚೂರುಚೂರು ಮಾಡಿ ಹಂಚುತ್ತಿದ್ದರು. ಈ ತಿಂಗಳು ಕೋರ್ಟಿನಲ್ಲಿ, ಕಾಲೇಜು ಆಟಗಾರರು ಹಾಕಿದ್ದ ಕೇಸಿನ ರಾಜಿಗೆ ಮೊದಲ ಒಪ್ಪಿಗೆ ಸಿಕ್ಕಿದೆ. ಅದು ಜಾರಿಗೆ ಬಂದರೆ ಸ್ಕಾಲರ್‌ಶಿಪ್ ಮಿತಿ ಹೋಗುತ್ತದೆ, ಆದರೆ ಟೀಮಿನಲ್ಲಿ ಮೂವತ್ತು ಜನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಹೊರಗಿನವರಿಗೆ ಇದು ಒಳ್ಳೆಯ ಸುದ್ದಿ ಅನಿಸುತ್ತೆ. ಹತ್ತು ತೂಕಕ್ಕೆ ಮೂವತ್ತು ಸಾಲದಾ ಅಂತ. ನೀನು ಹೇಳು, ಸಾಲುತ್ತಾ? ಒಬ್ಬನಿಗೆ ಮೊಣಕಾಲು, ಒಬ್ಬನಿಗೆ ಭುಜ, ಒಬ್ಬನಿಗೆ ಪರೀಕ್ಷೆ. ಮೊದಲು ಹೊರಗೆ ಹೋಗುವವನು ಮೂರು ವರ್ಷ ದಿನಾ ಬಂದು, ದಿನಾ ಕೆಡವಿಸಿಕೊಂಡು, ಒಂದು ಸಲವೂ ಜನರ ಮುಂದೆ ಮ್ಯಾಟಿಗಿಳಿಯದ ಹುಡುಗ.

ಅಂಥವನೊಬ್ಬನನ್ನು ನೋಡಿದ್ದೇನೆ. ಹೆಸರು ಗೊತ್ತಿಲ್ಲ. ಒಂದು ಕಿವಿ ಜಜ್ಜಿ ಗಟ್ಟಿಯಾಗಿಹೋಗಿದೆ. ಪ್ರತಿ ಕುಸ್ತಿಗೆ ಮುಂಚೆ ಯಾರಾದರೊಬ್ಬರ ಜೊತೆ ಬೆವರು ಬರುವಷ್ಟು ಹಿಡಿಯುತ್ತಾನೆ. ಆಮೇಲೆ ಜಾಕೆಟ್ ಹಾಕಿಕೊಂಡು ಬೆಂಚಿನ ಕೊನೆಯಲ್ಲಿ ಕೂರುತ್ತಾನೆ. ಎಲ್ಲರಿಗಿಂತ ಜೋರಾಗಿ ಕೂಗುವವನು ಅವನೇ. ಕಳೆದ ವರ್ಷ ಹೊರಡುವಾಗ ಬಾಗಿಲಲ್ಲಿ ಸಿಕ್ಕ. "ಚೆನ್ನಾಗಿತ್ತು" ಅಂದೆ. "ನಾನು ಆಡಲೇ ಇಲ್ಲ ಸರ್" ಅಂತ ನಕ್ಕ. ಬೆವರು ಬಂದಿತ್ತಲ್ಲ ಅನ್ನಬೇಕು ಅಂದುಕೊಂಡೆ. ಇಂಗ್ಲಿಷಿನಲ್ಲಿ ಸರಿಯಾಗಿ ಬರಲಿಲ್ಲ.

ನನ್ನ ಆಸೆ ಇಷ್ಟೇ, ಅವನು ಉಳಿಯಬೇಕು. ಗ್ರಿಫಿತ್ ಥರದವನು ಇಪ್ಪತ್ತು ವರ್ಷಕ್ಕೊಬ್ಬ ಬರಲಿ, ಪರವಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹುಡುಗರಿಗೇನೂ ಬರವಿಲ್ಲ. ಇಷ್ಟು ದೊಡ್ಡ ರಾಜ್ಯಕ್ಕೆ ಒಂದೇ ಹೈಸ್ಕೂಲ್ ಚಾಂಪಿಯನ್‌ಶಿಪ್, ಅದರಲ್ಲಿ ಮೇಲೆ ಬಂದವನು ಎಲ್ಲಿ ಹೋದರೂ ನಿಲ್ಲುತ್ತಾನೆ. ಆದರೆ ಅಯೋವಾ, ಪೆನ್ ಸ್ಟೇಟ್ ಅಂತ ಹೊರಟು ಹೋಗುತ್ತಾರೆ. ಹೋಗದೆ ಏನು ಮಾಡುತ್ತಾರೆ? ಫ್ರೆಸ್ನೊ ಸ್ಟೇಟ್ 2006ರಲ್ಲಿ ಕುಸ್ತಿ ನಿಲ್ಲಿಸಿ, 2017ರಲ್ಲಿ ಮತ್ತೆ ಶುರು ಮಾಡಿ, 2021ಕ್ಕೆ ಮತ್ತೆ ನಿಲ್ಲಿಸಿತು. ಅವರದು ನಮ್ಮ ಹಾಗೆ ಉಳಿಯಲಿಲ್ಲ. ಇಲ್ಲಿನ ಹುಡುಗರು ಇಲ್ಲೇ ಹತ್ತಿರದಲ್ಲಿ ಸೇರಿದರೆ, ಅವರ ಅಜ್ಜಿ ತಾತ ಬಂದು ಕೂತರೆ, ಬರ್ನಮ್‌ನ ಆ ಸಣ್ಣ ಗ್ಯಾಲರಿ ತುಂಬಿದರೆ, ಮುಂದಿನ ಸಲ ಯಾರಾದರೂ ಮುಚ್ಚಲು ಬಂದಾಗ ಬಾಗಿಲಲ್ಲೇ ತಡೆಯಲು ಜನ ಇರುತ್ತಾರೆ. ಈ ಹೊಸ ಲೀಗ್‌ನ ಮೊದಲ ಸೀಸನ್‌ನಲ್ಲಿ ಸೋತರೂ ಸರಿ. ಹತ್ತು ಹೆಸರು ಕೂಗಿದಾಗ ಹತ್ತು ಜನ ಎದ್ದು ಬರಬೇಕು.

ನವೆಂಬರ್‌ನಲ್ಲಿ ಸೀಸನ್ ಶುರು. ಎರಡು ಸೀಟು ಹಿಡಿದಿದ್ದೇನೆ. ಇನ್ನೊಂದು ಮಗಳಿಗೆ. ಬರುತ್ತೇನೆ ಅಂದಿದ್ದಾಳೆ, ಆದರೆ ಸೋಫಾ ಮೇಲೆ ನಿಂತ ಹಾಗೆ ಅಲ್ಲಿ ಬೆಂಚ್ ಮೇಲೆ ನಿಲ್ಲಬಾರದು ಅಂತ ಷರತ್ತು ಹಾಕಿದ್ದಾಳೆ. ಇಲ್ಲಿ ಶುಕ್ರವಾರ ಸಂಜೆ ಏಳು ಅಂದರೆ ನಿನಗೆ ಶನಿವಾರ ಬೆಳಗ್ಗೆ ಎಂಟೂವರೆ. ಗರಡಿಯಿಂದ ಬಂದು ಸ್ನಾನ ಮುಗಿಸಿರುತ್ತೀಯ. ವಿಡಿಯೊ ಕಾಲ್ ಮಾಡುತ್ತೇನೆ, ಎತ್ತು. ಬೆಂಚಿನ ಕೊನೆಯಲ್ಲಿ ಆ ಜಜ್ಜಿದ ಕಿವಿಯ ಹುಡುಗ ಇದ್ದಾನಾ ಅಂತ ಮೊದಲು ಅದನ್ನೇ ತೋರಿಸುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳು. ನಿನ್ನ ಹುಡುಗನಿಗೆ ಬೈದದ್ದು ಸಾಕು, ಈಗ ಒಂದು ಲೋಟ ಬಾದಾಮಿ ಹಾಲು ಕೊಡಿಸು. ನನ್ನ ಲೆಕ್ಕಕ್ಕೆ ಬರೆದುಕೋ.

ಇಂತಿ,
ನಿನ್ನ ಟವಲ್ಲು ಹೊತ್ತವನು