ಗೋವಿನಜೋಳದ ಬೆಂಡು ಸುಡುವ ಮುಂಚೆ

ಮಾನ್ಯ ಸಂಪಾದಕರೇ,

ಕಾಳು ಬಿಡಿಸಿದ ಮೇಲೆ ಉಳಿಯುವ ಗೋವಿನಜೋಳದ ಬೆಂಡನ್ನು ಬದುವಿನಲ್ಲಿ ರಾಶಿ ಹಾಕಿ ಸುಡುವುದು ನಮ್ಮ ಕಡೆ ರೂಢಿ. ನಾನೂ ಹಾಗೇ ಮಾಡುತ್ತಿದ್ದೆ.

ಮೊನ್ನೆ ಹಳೆ ತಗಡಿನ ಡಬ್ಬಿಗೆ ಬೆಂಡು ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ತೂತು ಹೊಡೆದು ಒಲೆಗಿಟ್ಟೆ. ಆರಿದ ಮೇಲೆ ತೆಗೆದರೆ ಬೂದಿಯಲ್ಲ, ಗಟ್ಟಿ ಇದ್ದಿಲು. ಕಾಳು ಕೂತಿದ್ದ ಗುಳಿಗಳೂ ಹಾಗೇ ಇದ್ದವು!

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಮಗಳು ಮುಂದಿನದನ್ನು ಬಿಡಿಸಿ ಹೇಳಿದಳು. ಇಂಥ ಇದ್ದಿಲಿಗೆ ಕರಗಿದ ಸಿಲಿಕಾನ್ ಹೀರಿಸಿದರೆ ಅದು ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್ (ಬಿಸಿ ತಾಳುವ ಗಟ್ಟಿ ವಸ್ತು) ಆಗುತ್ತದೆ. ಗಿಡದ ಸಣ್ಣ ತೂತುಗಳ ಅಚ್ಚು ಅದರಲ್ಲಿ ಉಳಿಯುತ್ತದೆ. ಸಾದಾ ಇದ್ದಿಲಿನಲ್ಲಿ ಶಾಖ ಸರಿಯಾಗಿ ಹರಿಯುವುದಿಲ್ಲ, ಇದರಲ್ಲಿ ಚೆನ್ನಾಗಿ ಹರಿಯುತ್ತದೆ. ತೂತುಗಳೊಳಗೆ ಗಾಳಿ ಹಾಯಿಸಿದರೆ ಆ ಶಾಖವನ್ನು ಬೇಕಾದ ಕಡೆ ಒಯ್ಯಬಹುದು. ಸಿಲಿಕಾನ್ ಕರಗಲು 1,414 ಡಿಗ್ರಿ ಸೆಲ್ಸಿಯಸ್ ಬೇಕು. ಅದು ಮನೆ ಒಲೆಯಲ್ಲಿ ಆಗುವ ಕೆಲಸವಲ್ಲ, ಅಲ್ವಾ?

ಬ್ಯಾಡಗಿ ಮೆಣಸಿನಕಾಯಿ ಒಣಗಿಸುವಾಗ ಮಳೆ ಬಂದರೆ ನಮ್ಮ ಜೀವ ಬಾಯಿಗೆ ಬರುತ್ತದೆ. ಅದಕ್ಕೊಂದು ಒಳ್ಳೆಯ ಡ್ರೈಯರ್ ಈ ಸೆರಾಮಿಕ್‌ನಿಂದ ಆಗಬಹುದೇ? ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು, ಎಂಜಿನಿಯರಿಂಗ್ ಕಾಲೇಜಿನವರು ಕೂಡಿ ಒಮ್ಮೆ ಪ್ರಯತ್ನಿಸಲಿ. ಬೇಕಾದಷ್ಟು ಬೆಂಡನ್ನು ನನ್ನ ಟ್ರ್ಯಾಕ್ಟರಿನಲ್ಲೇ ತಂದು ಇಳಿಸುತ್ತೇನೆ.

– ಒಬ್ಬ ರೈತ, ಹಾವೇರಿ ತಾಲ್ಲೂಕು